ಬಿಳಿ ಡೇಗೆಯ ರೆಕ್ಕೆ ತಿದ್ದಿದವರು

ನಮ್ಮ ಕಿರ್ಗಿಜ್ ನಾಡಿನ ಲಾಂಛನವನ್ನು ಬರೆದವರು ಬೇರೆಯವರು. ಇಸ್ಸಿಕ್-ಕುಲ್ ಸರೋವರದ ದಕ್ಷಿಣ ದಡದ ಶಾಲೆಗಳ ಬಾಗಿಲ ಮೇಲೆ ಅದನ್ನು ನೆಲೆಗೊಳಿಸಿದವರು ಶ್ರೀಮತಿ ಆಯಿಮ್ಕಾನ್ ಸಾದಿರೋವಾ. ಬೊಕೊನ್‌ಬಾಯೆವೊದ ಶಿಲ್ಪಶಾಲೆಯಲ್ಲಿ ಮೂವತ್ತಾರು ವರ್ಷ ಅಚ್ಚು ಕಟ್ಟಿ ಈಗ ನಿವೃತ್ತರಾಗುತ್ತಿರುವ ಅವರ ಕೈಕೆಳಗೆ ಕೆಲಸ ಕಲಿತವಳು ನಾನು.

ಅವರು ಸೇರಿದಾಗ ಬಾಗಿಲುಗಳ ಮೇಲೆ ಸೋವಿಯತ್ ಕಾಲದ ಸುತ್ತಿಗೆ ಕುಡುಗೋಲು ಇದ್ದವು. ಸ್ವಾತಂತ್ರ್ಯದ ನಂತರ ಹೊಸ ಲಾಂಛನ ಬಂತು: ಹಿಮದ ಬೆಟ್ಟ, ಸರೋವರ, ಮೂಡುವ ಸೂರ್ಯ, ಸುತ್ತ ಗೋಧಿ ತೆನೆ ಮತ್ತು ಹತ್ತಿ, ಎಲ್ಲದರ ಮುಂದೆ ಬಿಡುಗಡೆಯ ಗುರುತಾಗಿ ರೆಕ್ಕೆ ಬಿಚ್ಚಿದ ಬಿಳಿ ಡೇಗೆ, ಹದ್ದಿಗಿಂತ ಚಿಕ್ಕ ಬೇಟೆಹಕ್ಕಿ. ಬೆಟ್ಟವೂ ನೀರೂ ನಮ್ಮ ಕಿಟಕಿಯಾಚೆಗೇ ಇದ್ದವು. ಡೇಗೆಯನ್ನು ಮಾತ್ರ ಯಾರೂ ಹತ್ತಿರದಿಂದ ಕಂಡಿರಲಿಲ್ಲ. ನಮ್ಮದು ಬೇಟೆಹದ್ದುಗಳನ್ನು ಸಾಕುವ ಊರು.

ಹಾಗಾಗಿಯೇ ತಪ್ಪಾಯಿತು. ಹನ್ನೊಂದು ಶಾಲೆಗಳಿಗೆ ದೊಡ್ಡ ಲಾಂಛನ ಬೇಕೆಂದಾಗ ಅವರು ಸೋದರಮಾವ ಸಾಗಿನ್ ಸಾಕಿದ ಹದ್ದನ್ನು ಎದುರಿಗಿಟ್ಟುಕೊಂಡು ರೆಕ್ಕೆ ರೂಪಿಸಿದರು. ಹನ್ನೊಂದೂ ಗೋಡೆಗೇರಿದ ಮೇಲೆ, ಶಾಲೆ ಶುರುವಾಗುವ ದಿನ, ತಲೆಯೆತ್ತಿ ನೋಡಿದ ಸಾಗಿನ್ ತುಂಬಿದ ಅಂಗಳದಲ್ಲಿ ಕೂಗಿದರು:

“ಏನೇ ಆಯಿಮ್ಕಾನ್, ನನ್ನೊಂದ್ ಮಾತು ಕೇಳ್ದೆ ನಮ್ ಹದ್ದನ್ನ ಸರ್ಕಾರಿ ಕೆಲ್ಸಕ್ಕೆ ಸೇರ್ಸ್‌ಬಿಟ್ಯಲ್ಲೇ!”

“ಮಾವ, ಅದು ಡೇಗೆ.”

“ಡೇಗೆ ರೆಕ್ಕೆ ತುದಿ ಚಾಕು ಹಂಗೆ ಚೂಪಾಗಿರುತ್ತೆ ಕಣೇ. ಇದು ಐದೂ ಬೆರಳು ಬಿಡಿಸ್ಕೊಂಡು ಕೂತಿದೆ!”

ಅಂಗಳವೆಲ್ಲ ನಕ್ಕಿತು. ಶಿಕ್ಷಣಾಧಿಕಾರಿ ಸಮಾಧಾನ ಹೇಳಿದರು: “ಬಿಡಿ ಅಕ್ಕ, ಅಷ್ಟೆತ್ತರದಲ್ಲಿ ಗರಿ ನೋಡೋರು ಯಾರು?”

“ಈ ಊರಲ್ಲಿ ಎಲ್ರೂ ನೋಡ್ತಾರೆ ಸ್ವಾಮಿ.”

ಮರುದಿನವೇ ಅವರು ತಪ್ಪು ತಮ್ಮದೆಂದು ಬರೆದುಕೊಟ್ಟರು. ವಸಂತದ ನೂರೂಜ್ ಹಬ್ಬದೊಳಗೆ ಹನ್ನೊಂದನ್ನೂ ಬದಲಿಸಬೇಕು, ಇಲ್ಲವಾದರೆ ಮುಖ್ಯ ಶಿಲ್ಪಿಯ ಹುದ್ದೆ ಬೇರೆಯವರಿಗೆ ಎಂದು ಮೇಲಿನಿಂದ ಉತ್ತರ ಬಂತು. ಅವರು ಬೆಟ್ಟ ದಾಟಿ, ಡೇಗೆ ಸಾಕಿದವರೊಬ್ಬರ ಮನೆಯಲ್ಲಿ ವಾರವಿಡೀ ಕುಳಿತು ರೆಕ್ಕೆಯನ್ನಷ್ಟೇ ಬರೆದುಕೊಂಡು ಬಂದರು. ಆ ಚಳಿಗಾಲ ಅಚ್ಚಿಗೆ ಸುರಿದ ಗಾರೆ ಎರಡು ಬಾರಿ ಹೆಪ್ಪುಗಟ್ಟಿ ಒಡೆಯಿತು. ಒಡೆದದ್ದನ್ನು ನಾನು ಗುಡಿಸುತ್ತಾ ಅತ್ತಾಗ, ಬಿಸಿ ಚಹಾ ಬಟ್ಟಲು ಕೈಗಿಟ್ಟು, “ಅತ್ರೆ ಗಾರೆ ಇನ್ನೂ ನೀರಾಗುತ್ತಮ್ಮ, ಕುಡಿ,” ಎಂದವರು ಅವರು. ನನಗೆ ಸಿಕ್ಕ ಶಿಕ್ಷಣದಲ್ಲಿ ಅದಕ್ಕಿಂತ ದೊಡ್ಡ ಪಾಠವಿಲ್ಲ.

ನೂರೂಜ್ ಬೆಳಿಗ್ಗೆ ಹನ್ನೊಂದನೆಯದೂ ಏರಿತು. ಸಾಗಿನ್ ತೋಳಿನ ಮೇಲೆ ಹದ್ದನ್ನು ಕೂರಿಸಿಕೊಂಡು ಬಂದು, ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ ಸದ್ದಿಲ್ಲದೆ ಹದ್ದಿನ ಕಣ್ಣಿಗೆ ಚರ್ಮದ ಟೋಪಿ ಎಳೆದರು.

“ಯಾಕೆ ಮಾವ?”

“ಇವ್ಳಿಗೆ ಕಂಡ್ರೆ ಆಯ್ತು, ಆ ಡೇಗೆ ಮೇಲೆ ಎಗರಿ ನನ್ ತೋಳು ಕಿತ್ತಾಕ್ತಾಳೆ.”

ಅಂಗಳ ಮತ್ತೆ ನಕ್ಕಿತು. ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವರು ಆಯಿಮ್ಕಾನ್.

ಅವರ ಆಯುಷ್ಯ ನಮ್ಮ ಬೆಟ್ಟಗಳ ಹಿಮದಷ್ಟು ದೀರ್ಘವಾಗಲಿ. ಮುಂದಿನ ವಾರದಿಂದ ಮನೆಯಲ್ಲೇ ಕಲಿಸುತ್ತಾರಂತೆ. ಸೇರುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು.