ಮೌಲಾಸಾಬರು ಹಾಕಿದ ಮೆಟ್ಟಿಲು

ಆ ಮೆಟ್ಟಿಲು ನನ್ನದಲ್ಲ, ಮೌಲಾಸಾಬ್. ನಿಮ್ಮದು. ಆರು ವರ್ಷದಿಂದ ಅದನ್ನು ನನ್ನದೆಂದು ಹೇಳಿಕೊಂಡು ಬಂದಿದ್ದೇನೆ — ಎಷ್ಟು ಸಲ ಎಂಬುದೂ ದಿನಚರಿಯಲ್ಲಿದೆ. ಹದಿನಾಲ್ಕು ಸಲ.

ಇದನ್ನು ಕೇಳುವವರಿಗೆ ಇಷ್ಟು ಹೇಳಬೇಕು. ಮುಂಬಯಿಯಲ್ಲಿ ಕಟ್ಟಡವಿದ್ಯೆ ಕಲಿತು ಕಲಬುರಗಿಗೆ ಮರಳಿದಾಗ ನನಗೆ ಇಪ್ಪತ್ನಾಲ್ಕು. ಹತ್ತಿ ಕಂಪನಿಯ ಮಾಲೀಕರೊಬ್ಬರು ಸ್ಟೇಶನ್ ಬಜಾರದಲ್ಲಿ ನಾಲ್ಕು ಅಂತಸ್ತಿನ ಕಚೇರಿ ಕಟ್ಟಿಸಲು ನನ್ನನ್ನು ನಂಬಿದರು. ಸಿಮೆಂಟು, ಕಬ್ಬಿಣ, ಗಾಜು — ಕಮಾನಿಲ್ಲ, ಗುಮ್ಮಟವಿಲ್ಲ, ಒಂದು ಬಳ್ಳಿಯ ಕೆತ್ತನೆಯೂ ಇಲ್ಲ. ಕಮಲಾಪುರದಿಂದ ಒಂಬತ್ತು ಗೌಂಡಿಗಳನ್ನು ಕರೆದುಕೊಂಡು ಬಂದ ನೀವು ಮೊದಲ ದಿನವೇ ನಕ್ಷೆ ನೋಡಿ, “ಸಾಹೇಬ್ರ, ಕಡ್ಡಿಪೆಟ್ಟಿಗಿ ನಿಂದ್ರಸಾಕತ್ತೀರಲ್ರೀ” ಎಂದಿರಿ.

ಅಷ್ಟು ಸಂತೋಷವಾಗಿ ನಾನು ಮತ್ತೆಂದೂ ಕೆಲಸ ಮಾಡಿಲ್ಲ. ಖುರ್ದಾದ್ ತಿಂಗಳ ಕಡುಬೇಸಿಗೆಯ ಬಿಸಿಲಲ್ಲಿ ನಿಮ್ಮೂರಿನ ಕೆಂಪು ಬಾಳೆಹಣ್ಣು ತಿನ್ನುತ್ತ, ಅಂತಸ್ತು ಏರಿದಂತೆಲ್ಲ ಕೋಟೆಯ ಆಚೆಗೂ ಊರು ಕಾಣುತ್ತ —

ಮೆಟ್ಟಿಲುಗಳು ಗಟ್ಟಿಯಾದ ದಿನ ನೀವು ಕೆಳಗಿನಿಂದ ಎಣಿಸುತ್ತ ಏರಿದಿರಿ. “ಲಾಭ, ನಷ್ಟ, ಲಾಭ, ನಷ್ಟ…” ಅಂತಸ್ತಿಗೆ ಇಪ್ಪತ್ತೆರಡು. ಪ್ರತಿ ಸಲವೂ ಕೊನೆಯ ಹೆಜ್ಜೆ ನಷ್ಟದ ಮೇಲೆ. ನಮ್ಮ ವ್ಯಾಪಾರಿಗಳು ಹೀಗೆ ಎಣಿಸದೆ ಹೊಸ ಮೆಟ್ಟಿಲು ಏರುವುದಿಲ್ಲ. ಎಲ್ಲವನ್ನೂ ಎಣಿಸಿ ಬರೆದಿಡುವ ನಾನು ಅದೊಂದನ್ನೇ ಮರೆತಿದ್ದೆ.

“ಸೇಠಜಿ ಮೂರು ಸಲ ಲುಕ್ಸಾನದಾಗ ಕಾಲಿಡ್ತಾರ ನೋಡ್ರಿ.”

“ಎಲ್ಲಾ ಒಡೀಬೇಕೇನು?” ಎಂದೆ.

“ಒಡೀಲಾಕ ನಿಮಗ ಹುಚ್ಚೇನ್ರೀ? ಕೆಳಗ ಒಂದು ಹಾಕೂಣು. ಮ್ಯಾಲಿನವು ತಾವಾ ಲಾಭ ಆಗ್ತಾವ.”

ಮರುದಿನ ಶಹಾಬಾದಿನ ಅಗಲ ಕಲ್ಲೊಂದು ಬಾಗಿಲ ಮುಂದೆ ಬೀದಿಯತ್ತ ಚಾಚಿ ಕೂತಿತು — ತಗ್ಗಾಗಿ, ನಾಲ್ಕು ಜನ ಕೂರುವಷ್ಟು. ಸಂಜೆಯೊಳಗೆ ಹಮಾಲರು ಅದರ ಮೇಲೆ ಕೂತು ಹರಟೆ ಹೊಡೆಯುತ್ತಿದ್ದರು. ನನ್ನ ಬೋಳು ಕಟ್ಟಡ ಊರಿನವರನ್ನು ಕರೆದು ಕೂರಿಸಿಕೊಂಡಿತ್ತು. ಅದು ನನ್ನಿಂದಾದದ್ದಲ್ಲ ಎಂದು ಆಗಲೇ ಗೊತ್ತಿತ್ತು.

ಪ್ರವೇಶದ ದಿನ, ಶುಕ್ರವಾರ, ಮಾಲೀಕರು ಎಣಿಸುತ್ತ ಏರಿ ನಗುತ್ತ ಇಳಿದರು. ಆ ಕಲ್ಲಿನ ಮೇಲೆ ನಿಂತು, “ಇದು ಯಾರ ಖಯಾಲ್ರೀ? ಹೈದರಾಬಾದಿನ ಕಚೇರಿ ಕೆಲಸ ಅವರ ಕೈಗೇ ಕೊಡ್ತೀನಿ” ಎಂದರು.

ನೀವು ಪಕ್ಕದಲ್ಲೇ ಕೈ ತೊಳೆಯುತ್ತಿದ್ದಿರಿ. ಕೇಳಿಸಿತ್ತು ನಿಮಗೆ.

“ನಂದೇರಿ” ಎಂದೆ.

ನೀವು ಒದ್ದೆ ಕೈ ಒರೆಸಿಕೊಂಡು ನನ್ನ ಕೈ ಹಿಡಿದಿರಿ. “ಮುಬಾರಕ್ ಸಾಹೇಬ್ರ.” ಅದರಲ್ಲಿ ಕೊಂಕಿದ್ದಿದ್ದರೆ — ಇರಲಿಲ್ಲ.

ಆಮೇಲೆ ಹೈದರಾಬಾದಿನಲ್ಲಿ ಐದು ಅಂತಸ್ತು, ಮುಂಬಯಿಯಲ್ಲಿ ಏಳು. ಎಲ್ಲದರ ಬಾಗಿಲಿಗೂ ಆ ತಗ್ಗು ಕಲ್ಲು. ಜನ ಅದನ್ನು ನನ್ನ ಕೈಗುರುತು ಎನ್ನುತ್ತಾರೆ. ನೀವು ಕಮಲಾಪುರದಲ್ಲಿ ಹೊಲದ ಒಡ್ಡು ಕಟ್ಟುತ್ತಿದ್ದೀರಂತೆ.

ಅದೇ ಮಾಲೀಕರು ಈಗ ಮುಂಬಯಿಯಲ್ಲಿ ಒಂಬತ್ತು ಅಂತಸ್ತು ಕಟ್ಟಿಸಲಿದ್ದಾರೆ. ಸೋಮವಾರ ಅವರಿಗೆ ನಿಜ ಬರೆದು ಅಂಚೆಗೆ ಹಾಕಿದೆ. ಆ ಕೆಲಸ ನನಗೆ ತಪ್ಪಬಹುದು. ನಿಮ್ಮ ಕೈಗೆ ಬಂದರೆ, ನಿಮ್ಮ ಕೆಳಗೆ ನಕ್ಷೆ ಬರೆಯಲು ಖುಷಿಯಿಂದ ಬರುತ್ತೇನೆ. ನಿಮಗೂ ಬರದಿದ್ದರೆ, ಅದೂ ನನ್ನ ತಪ್ಪಿನದೇ ಫಲ.

ಭಾನುವಾರ ನಿಮ್ಮೂರ ಕಟ್ಟೆಗೆ ಬಂದು, ನಿಮ್ಮ ಜನರೆದುರು ಇದನ್ನು ಓದುತ್ತೇನೆ. ಸಾಕು ಬಿಡ್ರಿ ಎಂದು ನೀವು ನಡುವೆಯೇ ತಡೆಯುವಿರಿ, ನನಗೆ ಗೊತ್ತು. ನಾನು ಕೊನೆಯವರೆಗೂ ಓದುತ್ತೇನೆ.