ನಮಗಿಂತ ಮುಂಚೆ ಬಂದು ಹೋದವರು

ಆವತ್ತು ಅಜ್ಜೀಪುರದ ಆ ಮನೆಯ ಮುಂದೆ ಇದ್ದವರು ಐದು ಜನ. ನಾನು, ನನ್ನ ಹೆಂಡತಿ ರಾಜಮ್ಮ, ಅವಳ ಸೋದರಮಾವ ಬಸಪ್ಪ, ಬಸಪ್ಪನ ಹೆಂಡತಿ ದೇವಮ್ಮ, ಎದುರು ಮನೆಯ ಮುದುಕಿ ನಿಂಗವ್ವ. ಹೊತ್ತು ನೆತ್ತಿಯಿಂದ ಆಗ ತಾನೇ ಇಳಿದಿತ್ತು. ಕಣ್ಣು ಕುಕ್ಕುವ ಬಿಸಿಲು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಸಂಗತಿ ಕೇಳಿದವರು ಮೊದಲು ಎತ್ತುವ ಪ್ರಶ್ನೆಯೇ "ಕತ್ತಲಾಗಿತ್ತಾ?" ಎಂಬುದು. ನಾನೂ ಎಷ್ಟೋ ಜನರನ್ನು ಹಾಗೆ ಕೇಳಿ ಬಾಯಿ ಮುಚ್ಚಿಸಿದವನೇ.

ನಮ್ಮ ತಾತ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತರೆ, ಹೊಲದ ಬದುವಿನಲ್ಲಿ ಕಂಡ ಬೆಳಕಿನಿಂದ ಹಿಡಿದು ಬಾವಿಯೊಳಗೆ ಹಾಡಿದ ಹೆಂಗಸಿನ ತನಕ ಹೇಳುತ್ತಿದ್ದ. ಮಾತಾಡುವುದನ್ನು ನಾನು ಕಲಿತದ್ದೇ ಅವನ ಬಾಯಿಂದ. ಆದರೆ ಅವನ ಮಾತನ್ನು ಕಲಿತೆನೇ ಹೊರತು ನಂಬಿಕೆಯನ್ನು ಕಲಿಯಲಿಲ್ಲ. ಮೈಸೂರಿನ ಒಂದು ಮೋಟಾರು ವರ್ಕ್‌ಷಾಪಿನಲ್ಲಿ ನನ್ನ ಕೆಲಸ. ಇಂಜಿನ್ನು ನಿಂತರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಕ್ಕೇ ಸಿಗುತ್ತದೆ. ಬದುಕೂ ಅಷ್ಟೇ ಅಂದುಕೊಂಡಿದ್ದೆ.

ಬಸಪ್ಪನ ವಿಷಯ ಸ್ವಲ್ಪ ಹೇಳಬೇಕು. ರಾಜಮ್ಮನಿಗೆ ನಾಲ್ಕು ವರ್ಷವಾಗಿದ್ದಾಗ ಅವಳ ತಾಯಿ ಹೋಗಿಬಿಟ್ಟಳು. ಆ ತಾಯಿಯ ತಮ್ಮನೇ ಈ ಬಸಪ್ಪ. ಆಗಿನ್ನೂ ಮೀಸೆ ಮೂಡದ ಹುಡುಗ. ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೊಲಕ್ಕೆ ಹೋಗಿ ಬರುತ್ತಿದ್ದನಂತೆ. ಅಕ್ಕನ ಮಗಳು ಸೋದರಮಾವನಿಗೇ ಎಂಬುದು ನಮ್ಮಲ್ಲಿ ಹೇಳದೆಯೇ ಆಗಿರುವ ಮಾತು. ಅವನು ಕಾದ. ಇವಳಿಗೆ ವಯಸ್ಸು ಬಂದಾಗ ಒಲ್ಲೆ ಅಂದಳು. ಅಂದದ್ದು ತಪ್ಪಲ್ಲ, ಅಂದ ರೀತಿ ತಪ್ಪು ಎಂದು ಅವಳೇ ಹೇಳುತ್ತಾಳೆ. ತಾನೇ ಎದುರು ಕೂತು ಹೇಳಲು ಬಾಯಿ ಬಾರದೆ, ನೆಂಟರೊಬ್ಬರ ಕೈಲಿ ಹೇಳಿ ಕಳಿಸಿದಳು. ಆ ಮಹಾರಾಯ ಅದನ್ನು ಬಸಪ್ಪನ ಮನೆಯಲ್ಲಿ ಹೇಳದೆ, ಅರಳಿಕಟ್ಟೆಯ ಮೇಲೆ ಹತ್ತು ಜನರ ಮುಂದೆ ಹೇಳಿದ. ಬಸಪ್ಪ ನಮ್ಮ ಮದುವೆಗೆ ಬರಲಿಲ್ಲ. "ಇನ್ನು ಅವಳ ಮೊಕ ನಾ ನೋಡಾಕಿಲ್ಲ" ಎಂದನಂತೆ. ಆಮೇಲೆ ದೇವಮ್ಮನನ್ನು ಮದುವೆಯಾದ. ಮೂರು ವರ್ಷ ಎರಡೂ ಮನೆಗಳ ನಡುವೆ ಹೋಗಿಬರುವುದು ನಿಂತೇಹೋಯಿತು.

ನಾನು ಮೋಟಾರ್ ಸೈಕಲ್ ತೆಗೆದುಕೊಂಡದ್ದು ಆ ಹೊತ್ತಿನಲ್ಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಗಾಡಿ. ಬಿಡಿಭಾಗ ಹುಡುಕಿ ನಾನೇ ಎಬ್ಬಿಸಿ ನಿಲ್ಲಿಸಿದ್ದೆ. "ಎಲ್ಲಿಗೆ ಹೋಗೋಣ?" ಅಂದರೆ ರಾಜಮ್ಮ, "ನೆಂಟರ ಮನೆಗಳಿಗೆಲ್ಲ ಹೋಗಿ ಬರೋಣ. ಕೊನೆಗೆ ಅಜ್ಜೀಪುರ" ಅಂದಳು. ಆ ಕೊನೆಯದಕ್ಕಾಗಿಯೇ ಉಳಿದವೆಲ್ಲ ಎಂದು ನನಗೆ ತಿಳಿಯಿತು. ತಾನು ಅವತ್ತು ಹೇಳದೆ ಉಳಿಸಿಕೊಂಡದ್ದನ್ನು ಮಾವನ ಎದುರು ತನ್ನ ಬಾಯಿಂದಲೇ ಹೇಳಬೇಕು, ಅವನು ಬಾಗಿಲು ಹಾಕಿಕೊಂಡರೆ ಹೊಸ್ತಿಲಲ್ಲೇ ನಿಂತು ಹೇಳಬೇಕು ಎಂದು ತೀರ್ಮಾನ ಮಾಡಿದ್ದಳು. ಯಾರಿಗೂ ಕಾಗದ ಬರೆಯಲಿಲ್ಲ.

ಯಳಂದೂರಿನಲ್ಲಿ ನಮ್ಮ ಚಿಕ್ಕಪ್ಪನ ಮನೆ, ಅಗರದಲ್ಲಿ ಇವಳ ಸೋದರತ್ತೆಯ ಮನೆ. ಹೋದಲ್ಲೆಲ್ಲ ಮಡಿಲಕ್ಕಿ. ಮದುವೆಯಾದ ಹೆಣ್ಣು ಹೊರಟು ನಿಂತಾಗ ಅವಳ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ರವಿಕೆ ಕಣ ಹಾಕಿ ಕಳಿಸುತ್ತಾರಲ್ಲ, ಅದು. ನಿನಗೆ ಇಲ್ಲೊಂದು ಮನೆ ಇದೆ ಎಂಬ ಮಾತನ್ನು ಬಾಯಲ್ಲಿ ಆಡದೆ ಹೇಳುವ ಬಗೆ. ಆಗ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಹೆಂಡ ನಿಷೇಧವಿದ್ದ ಮದರಾಸಿಗೆ. ಗಡಿಯ ಚೌಕಿಯಲ್ಲಿ ಪೇದೆಯೊಬ್ಬ ಕೈ ಅಡ್ಡ ಹಾಕಿದ.

"ಮಡ್ಲಲ್ಲಿ ಗಂಟೇನು ಸಾ? ಬಾಟ್ಲಿ ಗೀಟ್ಲಿ ಏನಾರ?"

"ಮಡಿಲಕ್ಕಿ ಕಣಪ್ಪ. ಬೇಕಾದರೆ ನೋಡು."

"ಅಯ್ಯೋ, ಅದಕ್ಕೆ ಕೈ ಆಕುದ್ರೆ ನಮ್ಮವ್ವ ನನ್ನ ಮನೆ ಒಳಕ್ಕೆ ಸೇರ್ಸಳ. ಓಗಿ ಓಗಿ," ಎಂದು ನಗುತ್ತ ಬಿಟ್ಟ.

ಕೊಳ್ಳೇಗಾಲದಲ್ಲಿ ನಮ್ಮಕ್ಕನ ಮನೆಯಲ್ಲಿ ರಾತ್ರಿ ಉಳಿದೆವು. ಭಾವನದು ರೇಷ್ಮೆ ಸೀರೆ ನೇಯಿಸುವ ಕಸುಬು. ಬೆಳಿಗ್ಗೆ ಹೊರಡುವಾಗ ಅಕ್ಕ ಗಾಡಿಯನ್ನು ಸುತ್ತಿ ನೋಡಿ, "ಲೋ, ಈ ರಸ್ತೇಲಿ ಇದರ ಮೇಲೆ ಕುಂಡ್ರುಸ್ಕಂಡು ಓದ್ರೆ ಅಜ್ಜೀಪುರಕ್ಕೆ ಸೀರೆ ಮಾತ್ರ ತಲುಪ್ತದೆ, ಇವಳು ದಾರೀಲೆ ಉದುರೋಗಿರ್ತಳೆ" ಅಂದಳು. ರಾಜಮ್ಮ ನಗಲಿಲ್ಲ. ಅವಳ ಮನಸ್ಸು ಆಗಲೇ ಮುಂದಕ್ಕೆ ಹೋಗಿತ್ತು.

ಹನೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು, ಗಾಡಿ ಕೆಮ್ಮಿ ನಿಂತಿತು. ಪ್ಲಗ್ಗು ಮಸಿ ಹಿಡಿದಿತ್ತು. ಬಿಚ್ಚಿ ಉಜ್ಜಿ ಹಾಕಿದರೂ ಹತ್ತಲಿಲ್ಲ. ಕಾರ್ಬೊರೇಟರ್ ಬಿಚ್ಚಿದೆ. ಮೊಣಕೈ ತನಕ ಮಸಿ. ರಾಜಮ್ಮ ಹುಣಸೆ ಮರದ ಬುಡಕ್ಕೆ ಒರಗಿ ಕಣ್ಣು ಮುಚ್ಚಿ ಕೂತಳು. ನಿದ್ದೆಯೋ ಯೋಚನೆಯೋ ತಿಳಿಯಲಿಲ್ಲ. ತುಟಿ ಮಾತ್ರ ಆಗಾಗ ಅಲುಗುತ್ತಿತ್ತು. ಒಂದೂವರೆ ಗಂಟೆಯ ಮೇಲೆಯೇ ಆಯಿತು. ಅಷ್ಟು ಹೊತ್ತೂ ಅವಳು ನನ್ನ ಕಣ್ಣ ಮುಂದೆಯೇ ಇದ್ದಳು. ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ.

ಅಜ್ಜೀಪುರ ಮುಟ್ಟಿದಾಗ ಬಸಪ್ಪ ಮನೆ ಮುಂದಿನ ಬೇವಿನ ಮರದ ಕೆಳಗೆ ನಿಂತು ದಾರಿ ನೋಡುತ್ತಿದ್ದ. ನಾನು ಗಾಡಿ ನಿಲ್ಲಿಸಿದೆ. ರಾಜಮ್ಮ ಇಳಿದು ಸೆರಗು ಸರಿಮಾಡಿಕೊಂಡಳು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವನು ಹತ್ತಿರ ಬಂದು ಅಂದ:

"ಎಲ್ಲಿಗವ್ವ ಓಗಿದ್ರಿ ಇಷ್ಟೊತ್ತು? ಅನ್ನ ಎಲ್ಲ ಆರೋಯ್ತು. ಗುಡಿಗೆ ಓಗಿ ಬತ್ತೀವಿ ಅಂದೋರು ಬೆಟ್ಟಕ್ಕೇ ಓಗಿ ಬಂದ್ರಾ?"

ನಾವು ಮುಖಮುಖ ನೋಡಿಕೊಂಡೆವು. "ಮಾವ, ನಾವು ಈಗ ಬರ್ತಾ ಇರೋದು" ಅಂದಳು ರಾಜಮ್ಮ.

ಬಸಪ್ಪ ನಕ್ಕ. "ಚಿಕ್ಕೋಳಾಗಿದ್ದಾಗ್ಲೂ ಇಂಗೇಯ ಆಟ ಆಡೋಳು. ಅಳೀಮಯ್ಯ, ಇನ್ನೂ ಕೈ ತೊಳ್ಕಂಡಿಲ್ವಲ್ಲ ನೀವು? ಆಗ್ಲೇ ನೀರು ಕೊಟ್ರೆ ಬ್ಯಾಡ ಅಂದ್ರಿ."

ನಾನು ನನ್ನ ಕೈ ನೋಡಿಕೊಂಡೆ. ಮಸಿ ಹಾಗೇ ಇತ್ತು.

ಆಮೇಲೆ ಒಬ್ಬೊಬ್ಬರಾಗಿ ಹೇಳಿದ್ದನ್ನು ಕೂಡಿಸಿದರೆ ಇಷ್ಟು. ನಾವು ಹುಣಸೆ ಮರದ ಕೆಳಗಿದ್ದ ಹೊತ್ತಿನಲ್ಲೇ ರಾಜಮ್ಮ ಈ ಮನೆಗೆ ಬಂದಳು. ನಾನು ಒಳಗೆ ಬರದೆ ಬೇವಿನ ಮರದ ಹತ್ತಿರವೇ ನಿಂತೆ. ರಾಜಮ್ಮ ಜಗಲಿಯ ಮೇಲೆ ಕೂತು ಅತ್ತಳು, ಮಾವನಿಗೆ ಏನೋ ಹೇಳಿದಳು. ಬಸಪ್ಪನೂ ಅತ್ತ. ದೇವಮ್ಮ ಮೊರದಲ್ಲಿ ಅಕ್ಕಿ, ಕಾಯಿ, ಒಂದು ಹಸಿರು ಕಣ ತಂದು ಮಡಿಲು ತುಂಬಿದಳು. ಗುಡಿಗೆ ಹೋಗಿ ಬರುತ್ತೇವೆ ಎಂದು ಇಬ್ಬರೂ ಹೊರಟೆವು. ಎದುರು ಮನೆಯ ನಿಂಗವ್ವ, "ಗಾಡಿ ಸದ್ದು ನಾನೂ ಕೇಳ್ದೆ. ರಾಗಿ ಬೀಸ್ತಿದ್ದೆ, ಎದ್ದು ನೋಡ್ನಿಲ್ಲ" ಅಂದಳು.

ದೇವಮ್ಮ ಮಾತ್ರ ನಗಲಿಲ್ಲ. ರಾಜಮ್ಮನ ಸೆರಗು, ಗಂಟು ಎಲ್ಲ ನೋಡಿದಳು. ಯಳಂದೂರಿನ ಕಣ, ಅಗರದ ಕಣ, ಕೊಳ್ಳೇಗಾಲದ ಕಣ ಇದ್ದವು. ಅವಳು ಕೊಟ್ಟ ಹಸಿರು ಕಣ ಇರಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತೆಗೆದು ನೋಡಿದಳು. ಅಲ್ಲೂ ಇರಲಿಲ್ಲ. ಜಗಲಿಯ ಮೇಲೆ ಮೊರ ಇತ್ತು, ಅದರ ಅಂಚಿನಲ್ಲಿ ನಾಲ್ಕು ಅಕ್ಕಿ ಕಾಳು.

"ನನ್ನ ತವರೋರು ಕೊಟ್ಟಿದ್ದ ಕಣ ಅದು," ಎಂದು ಅವಳು ಮೆಲ್ಲಗೆ ಅಂದಳು. "ಯಾರಿಗೆ ತುಂಬುದ್ನೋ ನನ್ನಪ್ಪ."

ಬಸಪ್ಪ ಗದರಿದ. "ಸುಮ್ಕಿರು. ಎತ್ತಿ ಆಡ್ಸುದೋನು ನಾನು, ನಂಗೆ ಇವಳ ಗುರ್ತು ತಿಳಿಯಕಿಲ್ವ? ಬೇಕಾದ್ರೆ ಇನ್ನೊಂದ್ಸಲ ತುಂಬು."

"ಒಂದೇ ದಿನ, ಒಂದೇ ಒಸ್ಲಲ್ಲಿ ಎಲ್ಡು ಸಲ ತುಂಬಬಾರ್ದು. ನಾ ತುಂಬಕಿಲ್ಲ," ಅಂದಳು ದೇವಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ಊಟಕ್ಕೆ ಕೂತಾಗ ರಾಜಮ್ಮ, "ಮಾವ, ನಾನು ನಿನಗೊಂದು ಮಾತು ಹೇಳಬೇಕು ಅಂತಲೇ ಬಂದೆ" ಎಂದು ಶುರುಮಾಡಿದಳು. ಅವನು ಕೈಯೆತ್ತಿ ತಡೆದ. "ಒಂದ್ಸಲ ಯೋಳಿದ್ಯಲ್ಲ, ಸಾಕು ಬುಡವ್ವ. ಎಲ್ಡನೇ ಸಲ ನಾನು ತಡಕಳಾಕಿಲ್ಲ." ಏನು ಹೇಳಿದೆ ನಾನು ಎಂದು ಕೇಳಿದರೆ, "ನೀನಾಡಿದ್ದ ನಾನ್ಯಾಕೆ ಆಡ್ಲಿ?" ಎಂದು ಅವಳ ಎಲೆಗೆ ಇನ್ನಷ್ಟು ತುಪ್ಪ ಬಡಿಸಿದ.

ಮಡಿಲು ತುಂಬಿಸಿಕೊಳ್ಳದೆಯೇ ಹೊರಟೆವು. ಮಾವ ಗಾಡಿಯ ಹಿಂದೆ ಊರ ಬಾಗಿಲ ತನಕ ನಡೆದು ಬಂದ. ಬಂದ ಕೆಲಸ ಆಯಿತಲ್ಲ ಎಂದು ನಾನು ಹಗುರಾಗಿದ್ದೆ. ಹನೂರಿನ ಹತ್ತಿರ ಹಿಂದಿನಿಂದ ರಾಜಮ್ಮ ಅಂದಳು: "ಮಾವ ಕ್ಷಮಿಸಿದ್ದು ಬಂದು ಹೋದವಳನ್ನ. ನನ್ನನ್ನಲ್ಲ. ಆಗಲೂ ಬೇರೆಯವರ ಬಾಯಲ್ಲಿ ಹೇಳಿಸಿದೆ, ಈಗಲೂ ಬೇರೆಯವರ ಬಾಯಲ್ಲೇ ಆಯಿತು."

ಇಷ್ಟು ವರ್ಷದಲ್ಲಿ ನಾನು ಕಾರಣ ಹುಡುಕದೆ ಕೂತಿಲ್ಲ. ಬೇರೆ ಯಾರೋ ದಂಪತಿ ಬಂದಿದ್ದರೇ? ಆ ಕಡೆ ಆಗ ಮೋಟಾರ್ ಸೈಕಲ್ ಕಾಣುವುದೇ ಅಪರೂಪ, ಅದರಲ್ಲೂ ಹಿಂದೆ ಹೆಂಗಸು ಕೂತದ್ದು. ಬಸಪ್ಪನೇ ಕಟ್ಟಿದ ಕತೆಯೇ? ಮನಸ್ಸು ಎಂದೋ ಕರಗಿದ ಅಭಿಮಾನಿ ಮನುಷ್ಯ, ಆಡಿದ ಮಾತು ತಿನ್ನಲಾರದೆ ಹೀಗೊಂದು ದಾರಿ ಮಾಡಿಕೊಂಡನೇ? ಇದು ನನಗೆ ಬಹಳ ದಿನ ಸರಿಯೆನಿಸಿತ್ತು. ಆದರೆ ನಾವು ಮುಟ್ಟುವ ಮೊದಲೇ ಅವನು ಮರದ ಕೆಳಗೆ ದಾರಿ ಕಾಯುತ್ತ ನಿಂತದ್ದು ಹೇಗೆ? ನಾವು ಬರುತ್ತೇವೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ದೇವಮ್ಮನ ಆ ಮುಖವಂತೂ ನಾಟಕದ್ದಲ್ಲ. ಬಿಚ್ಚಿದಷ್ಟೂ ಬಿಚ್ಚಿದ್ದೇನೆ, ಮತ್ತೆ ಜೋಡಿಸಲು ಆಗಿಲ್ಲ. ನಂಬಿ ಎಂದು ನಿಮಗೆ ಹೇಳಲಾರೆ. ನಾನು ನಂಬಿದ್ದೇನೆಯೇ ಎಂದು ಕೇಳಿದರೆ ಅದಕ್ಕೂ ಉತ್ತರವಿಲ್ಲ.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ರಾಜಮ್ಮ ಒಬ್ಬಳೇ ಬಸ್ಸಿನಲ್ಲಿ ಅಜ್ಜೀಪುರಕ್ಕೆ ಹೋದಳು. ನಾನು ಬರುತ್ತೇನೆಂದರೂ ಒಪ್ಪಲಿಲ್ಲ. ಹಿಂದಿರುಗಿ ಬಂದು ಹೇಳಿದ್ದಿಷ್ಟು. ಮಾವ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ. ಅವನು ಬೇಡವೆಂದರೂ ಬಿಡದೆ, ಬದುವಿನ ಮೇಲೆ ನಿಂತುಕೊಂಡೇ ಹೇಳಿದಳಂತೆ: "ಹೆಗಲ ಮೇಲೆ ಹೊತ್ತು ತಿರುಗಿದವನು ನೀನು. ನಿನ್ನನ್ನು ಅಪ್ಪ ಅಂದುಕೊಂಡೇ ಬೆಳೆದೆ. ಗಂಡ ಅಂದುಕೊಳ್ಳೋಕೆ ಆಗಲಿಲ್ಲ. ಅದನ್ನು ನಿನ್ನ ಹತ್ತಿರ ಬಂದು ಹೇಳೋ ಧೈರ್ಯ ಇರಲಿಲ್ಲ, ಊರ ಮುಂದೆ ನಿನ್ನ ಮಾನ ಕಳೆದೆ."

ಬಸಪ್ಪ ಗಿಡ ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಕೈಯ ಮಣ್ಣು ಕೊಡವಿಕೊಂಡ. ಆಮೇಲೆ, "ಆವತ್ತು ಯೋಳಿದ್ದು ಬ್ಯಾರೆ ಕಣವ್ವ" ಅಂದ. "ಆದ್ರೆ ನಂಗೆ ಇದೇ ಸಾಕು."

ಆವತ್ತಿನದು ಏನೆಂದು ಇವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಂಜೆಯ ಬಸ್ಸು ತಡವಾಗಿತ್ತಂತೆ. ಅದು ಬರುವವರೆಗೆ ಇಬ್ಬರೂ ರಸ್ತೆ ಬದಿಯಲ್ಲಿ ಕೂತು ಹಸಿ ಕಡಲೆಕಾಯಿ ಬಿಡಿಸಿಕೊಂಡು ತಿಂದರಂತೆ.