ನಡುವೆ ಏನನ್ನೂ ಇಡದ ಸುತ್ತಕ್ಕ

ಬೆಳಗಿನ ಆರು ಗಂಟೆ. ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಒಂದೇ ದೀಪ. ಅದರ ಕೆಳಗೆ ಸುತ್ತಕ್ಕ ಉಸಿರು ಬಿಗಿಹಿಡಿದು, ರಿಬ್ಬನ್ನಿನಂಥ ಲೋಹದ ಪಟ್ಟಿಯ ಕೊನೆಯ ಸುತ್ತನ್ನು ಎಳೆದು ಕೂರಿಸುತ್ತಿದ್ದಾರೆ. ಇನ್ನೂರ ನಲವತ್ತನೆಯ ಸುತ್ತು. ಸುತ್ತುವುದೇ ಕಸುಬಾದ್ದರಿಂದ ಜೊತೆಯವರು ಇಟ್ಟ ಹೆಸರಿದು; ಅವರಿಗೂ ಒಪ್ಪಿಗೆಯೇ.

ಇದು ಸೂಪರ್‌ಕಂಡಕ್ಟರ್ ಪಟ್ಟಿ. ಚೆನ್ನಾಗಿ ತಣ್ಣಗಿದ್ದರೆ ಕರೆಂಟು ತಡೆಯೇ ಇಲ್ಲದೆ ಹರಿದು ಸುರುಳಿ ಬಲವಾದ ಅಯಸ್ಕಾಂತವಾಗುತ್ತದೆ. ಎಲ್ಲೋ ಒಂದು ಚುಕ್ಕೆ ಬಿಸಿಯಾಯಿತೋ, ಕಥೆ ಮುಗಿಯಿತು. ಕರೆಂಟಿಗೆ ಬೇರೆ ದಾರಿ ಸಿಗದಿದ್ದರೆ ಆ ಬಿಸಿ ಅಲ್ಲೇ ಕೂತು ಪಟ್ಟಿಯನ್ನು ಸುಟ್ಟುಬಿಡುತ್ತದೆ.

"ಹೆಚ್ಚು ಉಷ್ಣತೆಯ ಪಟ್ಟಿ ಅಂತಾರೆ ಇದನ್ನ. ಇರೋದು ಮೈನಸ್ ನೂರ ತೊಂಬತ್ತಾರು ಡಿಗ್ರೀಲಿ! ಹೆಸರಿಟ್ಟೋರಿಗೆ ಅದೆಂಥಾ ಚಳಿ ಅಭ್ಯಾಸವಾಗಿತ್ತೋ," ಎಂದು, ಕೆಲಸ ನೋಡಲು ಬಂದ ನನ್ನತ್ತ ತಿರುಗಿ ನಗುತ್ತಾರೆ.

ಇಲ್ಲಿಗೆ ಬರುವ ಮೊದಲು ಹದಿನೇಳು ವರ್ಷ ಅಪ್ಪನ ಅಂಗಡಿಯಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತಿದವರು. ತಂತಿಗೆ ತಂತಿ ತಾಗಬಾರದು ಎಂಬುದು ಅಪ್ಪ ಕಲಿಸಿದ ಮೊದಲ ಪಾಠ. ಎರಡು ವರ್ಷದ ಹಿಂದೆ, ಇಲ್ಲಿನ ನಕ್ಷೆಯಲ್ಲಿ ಸುತ್ತುಗಳ ನಡುವೆ ಕರೆಂಟು ದಾಟದಂತೆ ತಡೆಯುವ ಹಾಳೆಯೇ ಇಲ್ಲದ್ದನ್ನು ಕಂಡು, ಎಂಜಿನಿಯರ್ ಮರೆತಿರಬೇಕೆಂದು ತಾವೇ ತೆಳು ಪ್ಲಾಸ್ಟಿಕ್ ಹಾಳೆ ಸೇರಿಸಿದರು. ಪರೀಕ್ಷೆಯಲ್ಲಿ ಸುರುಳಿ ಸುಟ್ಟಿತು. ಎಲ್ಲರೂ ಪಟ್ಟಿಯನ್ನೇ ದೂರಿದರು. ಬಾಯಿ ಮುಚ್ಚಿಕೊಂಡಿದ್ದರೆ ಸುತ್ತಕ್ಕ ಬಚಾವಾಗುತ್ತಿದ್ದರು.

"ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ಲ. 'ಹಾಳೆ ಹಾಕಿದ್ದು ನಾನೇ ಸಾರ್' ಅಂದ್ಬಿಟ್ಟೆ."

ಸುತ್ತುವ ಕೆಲಸ ಕೈತಪ್ಪಿತು. ಅಂದಿನಿಂದ ಸುರುಳಿಗಳನ್ನು ತಣಿಸುವ ದ್ರವ ಸಾರಜನಕ ತುಂಬಿಸುವುದು, ದಿನಕ್ಕೆ ಎಂಟು ಪಾತ್ರೆ. ಆ ಸುಟ್ಟ ಸುರುಳಿಯ ಒಂದು ತುಣುಕು ಇಂದಿಗೂ ಅವರ ಊಟದ ಚೀಲದಲ್ಲಿದೆ. "ನಂಗೆಲ್ಲಾ ಗೊತ್ತು ಅನ್ನೋ ಜಂಬ ಬಂದಾಗ ತೆಗೆದು ನೋಡ್ಕೋತೀನಿ."

ಇಂದಿನದು ಆಮೇಲೆ ಕೈಗೆ ಬಂದ ಮೊದಲ ಸುರುಳಿ. ಇದೂ ಸುಟ್ಟರೆ ಮತ್ತೆ ಪಾತ್ರೆಗಳೇ ಗತಿ. ಒಂಬತ್ತಕ್ಕೆ ಅದನ್ನು ಸಾರಜನಕದಲ್ಲಿ ಮುಳುಗಿಸಿ ಕರೆಂಟು ಏರಿಸುತ್ತಾರೆ. ಎಂಜಿನಿಯರ್ ಬೇಕೆಂದೇ ಒಂದು ಜಾಗವನ್ನು ಬಿಸಿ ಮಾಡುತ್ತಾರೆ. ಬಿಸಿ ತೋರಿಸುವ ಮೀಟರಿನ ಮುಳ್ಳು ಮೇಲೇರುತ್ತದೆ. ಸುತ್ತಕ್ಕ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಮುಳ್ಳನ್ನೇ ನೋಡುತ್ತೇನೆ. ನಡುವೆ ಹಾಳೆ ಇಲ್ಲದ್ದರಿಂದ ಕರೆಂಟು ಬಿಸಿ ಜಾಗವನ್ನು ಬಿಟ್ಟು ಪಕ್ಕದ ಸುತ್ತಿಗೆ ದಾಟಿಕೊಳ್ಳುತ್ತದೆ. ಮುಳ್ಳು ಮೆಲ್ಲಗೆ ಇಳಿಯುತ್ತದೆ.

"ಕಣ್ಣು ಬಿಡಿ ಅಕ್ಕಾ, ತಡ್ಕೊಂಡ್ತು!" ಎನ್ನುತ್ತಾರೆ ಎಂಜಿನಿಯರ್. "ಸುರುಳಿ ಮೇಲೆ ನಿಮ್ಮ ಹೆಸರು ಬರೆಸೋಣ."

ಸುತ್ತಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಹೆಸರೆಲ್ಲಾ ಬೇಡ ಸಾರ್. ಮುಂದಿನ ಸುರುಳಿಗೂ ನನ್ನೇ ಕರೀರಿ."